ಕೋಲ್ಕತ್ತದಲ್ಲಿ ಡರ್ಬಿ ಫೈನಲ್ ನೋಡಲು ಹೊರಡುವವರಿಗೆ

ಕೋಲ್ಕತ್ತದ ಎರಡು ಎದುರಾಳಿ ಫುಟ್‌ಬಾಲ್ ಕ್ಲಬ್‌ಗಳಾದ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ನಡುವಿನ ಪಂದ್ಯವೇ ಡರ್ಬಿ. ಇವೆರಡೂ ಒಂದೇ ಕಪ್‌ನ ಫೈನಲ್‌ನಲ್ಲಿ ಎದುರಾಗುವವೇ ಎಂಬುದು ಸೆಮಿಫೈನಲ್ ಮುಗಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಈ ಪ್ರವಾಸದ ಮುಖ್ಯ ತೊಡಕೇ ಅದು. 2023ರ ಡುರಾಂಡ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್ ಆಗಸ್ಟ್ 29ರಂದು ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿತು, ಮೋಹನ್ ಬಾಗಾನ್ 31ರಂದು ಗೋವಾ ತಂಡವನ್ನು 2–1ರಿಂದ ಮಣಿಸಿತು, ಫೈನಲ್ ನಡೆದದ್ದು ಸೆಪ್ಟೆಂಬರ್ 3ರ ಭಾನುವಾರ. ಅಂದರೆ ಎದುರಾಳಿಗಳು ಯಾರೆಂದು ಖಚಿತವಾದ ಮೇಲೆ ದೂರದ ಊರಿನವರಿಗೆ ಉಳಿದದ್ದು ಮೂರೇ ದಿನ. ಬೆಂಗಳೂರಿನಿಂದ ಹೌರಾಕ್ಕೆ ನೇರ ರೈಲುಗಳಿದ್ದರೂ ಪ್ರಯಾಣಕ್ಕೆ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಬೇಕು, ಮೂರು ದಿನ ಮುಂಚಿತವಾಗಿ ಬರ್ತ್ ಸಿಗುವುದು ಅಪರೂಪ. ಕ್ವಾರ್ಟರ್‌ಫೈನಲ್ ವೇಳಾಪಟ್ಟಿ ಬಂದ ಕೂಡಲೇ ಎರಡೂ ತಂಡಗಳು ಬೇರೆ ಬೇರೆ ಭಾಗದಲ್ಲಿವೆಯೇ ಎಂದು ನೋಡಿ, ಹಾಗಿದ್ದರೆ ರದ್ದುಪಡಿಸಬಹುದಾದ ಟಿಕೆಟ್ಟನ್ನು ಆಗಲೇ ಕಾದಿರಿಸಿಕೊಳ್ಳುವುದು ಜಾಣತನ. ಒಂದು ತಂಡ ಸೋತರೆ ಸ್ವಲ್ಪ ಹಣ ಹೋಗುತ್ತದೆ, ಆದರೆ ಅದು ಕಳೆದುಕೊಳ್ಳಲು ಯೋಗ್ಯವಾದ ಹಣ ಎಂದೇ ನನ್ನ ಅಭಿಪ್ರಾಯ.

ಏಕೆಂದರೆ ಇಂಥ ಫೈನಲ್ ಬಯಸಿದಾಗ ಬರುವುದಿಲ್ಲ. 1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ ಡುರಾಂಡ್ ಕಪ್ ಏಷ್ಯಾದ ಅತ್ಯಂತ ಹಳೆಯ ಫುಟ್‌ಬಾಲ್ ಟೂರ್ನಿ. ಅದರ ಫೈನಲ್‌ನಲ್ಲಿ ಈ ಇಬ್ಬರೂ 2023ಕ್ಕೆ ಮೊದಲು ಸೆಣಸಿದ್ದು 2004ರಲ್ಲಿ. 2023ರ ಫೈನಲ್‌ಗೆ ಮುನ್ನ ಎರಡೂ ಕ್ಲಬ್‌ಗಳು ಹದಿನಾರು ಹದಿನಾರು ಬಾರಿ ಕಪ್ ಗೆದ್ದು ಸಮನಾಗಿ ನಿಂತಿದ್ದವು. ಅದೇ ಟೂರ್ನಿಯ ಗುಂಪಿನ ಪಂದ್ಯದಲ್ಲಿ, ಆಗಸ್ಟ್ 12ರಂದು, ನಂದಕುಮಾರ್ ಹೊಡೆದ ಗೋಲಿನಿಂದ ಈಸ್ಟ್ ಬೆಂಗಾಲ್ ಬಹುಕಾಲದ ಡರ್ಬಿ ಸೋಲುಗಳ ಸರಣಿಯನ್ನು ಮುರಿದಿತ್ತು. ಬೆಂಗಳೂರಿನವರಿಗೆ ಇನ್ನೂ ಒಂದು ಆಕರ್ಷಣೆಯಿತ್ತು: ಈಸ್ಟ್ ಬೆಂಗಾಲ್‌ನ ತರಬೇತುದಾರರಾಗಿದ್ದವರು ಬೆಂಗಳೂರು ಎಫ್‌ಸಿಗೆ 2018–19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದುಕೊಟ್ಟ ಕಾರ್ಲೆಸ್ ಕ್ವಾಡ್ರಾಟ್. ನಮ್ಮ ನಂಟು ಅದಕ್ಕಿಂತಲೂ ಹಳೆಯದು. 1949ರಿಂದ ಮೂರು ವರ್ಷ ಸತತವಾಗಿ ಕೋಲ್ಕತ್ತದ ಹಳೆಯ ಟೂರ್ನಿಯಾದ ಐಎಫ್‌ಎ ಶೀಲ್ಡ್ ಗೆದ್ದ ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಅವರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. ಬೆಂಗಳೂರಿನಿಂದ ಬಂದಿದ್ದೇನೆಂದು ಹೇಳಿ ಹಿರಿಯ ಅಭಿಮಾನಿಗಳ ಮುಂದೆ ಆ ಹೆಸರು ಎತ್ತಿ ನೋಡಿ, ಮಾತು ತಾನಾಗಿಯೇ ಬೆಳೆಯುತ್ತದೆ.

ಪಂದ್ಯದ ಟಿಕೆಟ್ ಕೊಳ್ಳುವ ಮುನ್ನ ಯಾವ ಪಕ್ಷದವರೊಂದಿಗೆ ಕೂರುವಿರಿ ಎಂದು ತೀರ್ಮಾನಿಸಿಕೊಳ್ಳಬೇಕು. ಸಾಲ್ಟ್ ಲೇಕ್‌ನ ವಿವೇಕಾನಂದ ಯುವಭಾರತಿ ಕ್ರೀಡಾಂಗಣದಲ್ಲಿ ಡರ್ಬಿಯ ದಿನ ಗ್ಯಾಲರಿಗಳು ಹಂಚಿಹೋಗಿರುತ್ತವೆ: ಒಂದು ಕಡೆ ಕೆಂಪು–ಹಳದಿಯ ಈಸ್ಟ್ ಬೆಂಗಾಲ್, ಇನ್ನೊಂದು ಕಡೆ ಹಸಿರು–ಮರೂನ್‌ನ ಮೋಹನ್ ಬಾಗಾನ್. ತಟಸ್ಥರಾಗಿ ಉಳಿಯಬಯಸುವವರು ಈ ನಾಲ್ಕೂ ಬಣ್ಣಗಳಿಲ್ಲದ ಅಂಗಿ ತೊಡಲಿ. ಆನ್‌ಲೈನ್‌ನಲ್ಲಿ ಕೊಂಡವರು ಕಾಗದದ ಟಿಕೆಟ್ಟನ್ನು ಕೌಂಟರ್‌ನಿಂದ ಪಡೆಯಬೇಕೇ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲಿ ಓದಿಕೊಂಡೇ ಹೊರಡಬೇಕು; ಹಾಗಿದ್ದರೆ ಪಂದ್ಯದ ದಿನದ ಬದಲು ಹಿಂದಿನ ದಿನವೇ ಊರು ತಲುಪುವುದು ಅನಿವಾರ್ಯ. ನೀರಿನ ಬಾಟಲಿ, ಲೈಟರ್, ಪವರ್ ಬ್ಯಾಂಕ್, ದೊಡ್ಡ ಚೀಲ ಇವುಗಳನ್ನು ಕೋಣೆಯಲ್ಲೇ ಬಿಡಿ.

ಉಳಿದುಕೊಳ್ಳಲು ಸಿಯಾಲ್‌ದಾ ಅಥವಾ ಎಸ್‌ಪ್ಲನೇಡ್ ಸುತ್ತಮುತ್ತ ನೋಡಿಕೊಳ್ಳುವುದು ಒಳ್ಳೆಯದು. 2023ರಲ್ಲಿ ಮೆಟ್ರೋದ ಗ್ರೀನ್ ಲೈನ್ ಸಿಯಾಲ್‌ದಾದಿಂದ ಸ್ಟೇಡಿಯಂ ಕಡೆಗೆ ಮಾತ್ರ ಓಡುತ್ತಿತ್ತು. 2025ರ ಆಗಸ್ಟ್‌ನಿಂದ ಅದು ಹೌರಾದಿಂದ ಹೂಗ್ಲಿ ನದಿಯ ಅಡಿಯಲ್ಲಿ ಹಾದು ಎಸ್‌ಪ್ಲನೇಡ್, ಸಿಯಾಲ್‌ದಾ ಮಾರ್ಗವಾಗಿ ಸಾಲ್ಟ್ ಲೇಕ್ ಸ್ಟೇಡಿಯಂ ನಿಲ್ದಾಣಕ್ಕೆ ನೇರವಾಗಿ ಬರುತ್ತದೆ, ಹಾಗಾಗಿ ರೈಲಿನಲ್ಲಿ ಬಂದವರ ದಾರಿ ಈಗ ಬಹಳ ಸುಲಭವಾಗಿದೆ. ಭಾನುವಾರದ ವೇಳಾಪಟ್ಟಿ ಬೇರೆಯೇ ಇರುತ್ತದೆ, ಕೊನೆಯ ರೈಲಿನ ಸಮಯವನ್ನು ಮೊದಲೇ ತಿಳಿದುಕೊಳ್ಳಿ.

ಪಂದ್ಯದ ದಿನದ ಬೆಳಿಗ್ಗೆಯನ್ನು ನಗರದ ನಡುವಿನ ದೊಡ್ಡ ಬಯಲಾದ ಮೈದಾನ್ ಪ್ರದೇಶಕ್ಕೆ ಮೀಸಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಎರಡರ ಕ್ಲಬ್ ಟೆಂಟ್‌ಗಳೂ (ಕ್ಲಬ್ ಕಚೇರಿಗಳಿಗೆ ಅಲ್ಲಿನ ಹೆಸರು) ಅಲ್ಲಿ ಹತ್ತಿರ ಹತ್ತಿರದಲ್ಲೇ ಇವೆ. 1911ರಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಹೆಮ್ಮೆ ಮೋಹನ್ ಬಾಗಾನ್‌ನದು. ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದ ಕುಟುಂಬಗಳ ಅಭಿಮಾನ ಈಸ್ಟ್ ಬೆಂಗಾಲ್‌ನದು. ಇಲಿಶ್ ಮೀನು ಈಸ್ಟ್ ಬೆಂಗಾಲ್‌ನವರ ಗುರುತು, ಸಿಗಡಿ ಮೋಹನ್ ಬಾಗಾನ್‌ನವರದು. ಗೆದ್ದವರ ಮನೆಯಲ್ಲಿ ಅಂದು ರಾತ್ರಿ ಏನು ಬೇಯುತ್ತದೆಂದು ಕೇಳಬೇಕಾಗಿಲ್ಲ. ಆದರೆ ಈ ಪೈಪೋಟಿಗೆ ದುಃಖದ ಇತಿಹಾಸವೂ ಇದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ತಂಡಗಳ ಪಂದ್ಯದ ವೇಳೆ ಹದಿನಾರು ಮಂದಿ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಮಕ್ಕಳನ್ನು ಕರೆದೊಯ್ಯುವವರು ಗೇಟು ತೆರೆದ ಕೂಡಲೇ ಒಳಸೇರಿ, ಮೆಟ್ಟಿಲಿನ ದಾರಿಗೆ ಹತ್ತಿರವಿಲ್ಲದ ಜಾಗ ಹಿಡಿಯಬೇಕೆಂದು ನಾನು ಹೇಳುವುದು ಅದನ್ನು ನೆನೆದೇ.

2023ರ ಆ ಡುರಾಂಡ್ ಫೈನಲ್ ಸಂಜೆ ನಾಲ್ಕಕ್ಕೆ ಆರಂಭವಾಯಿತು. ಸೆಪ್ಟೆಂಬರ್‌ನ ಕೋಲ್ಕತ್ತದ ಸೆಕೆ ಕರಾವಳಿಯವರಿಗೆ ಹೊಸದಲ್ಲ, ಬಯಲುಸೀಮೆಯವರು ಮಾತ್ರ ಒಳಹೋಗುವ ಮುನ್ನ ಸಾಕಷ್ಟು ನೀರು ಕುಡಿದಿರಬೇಕು. 62ನೇ ನಿಮಿಷದಲ್ಲಿ ಮೋಹನ್ ಬಾಗಾನ್‌ನ ಅನಿರುದ್ಧ್ ಥಾಪಾ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದಾಗ ಕೆಂಪು–ಹಳದಿ ಗ್ಯಾಲರಿ ಎದ್ದು ನಿಂತಿತು, ಕಪ್ ತಮ್ಮದೇ ಎಂಬ ನಂಬಿಕೆ ಅಲ್ಲಿ ಸಾವಿರಾರು ಮುಖಗಳ ಮೇಲಿತ್ತು. ಒಂಬತ್ತೇ ನಿಮಿಷಗಳ ಬಳಿಕ ದಿಮಿತ್ರಿ ಪೆಟ್ರಾಟೋಸ್ ಮಧ್ಯಭಾಗದಿಂದ ಚೆಂಡನ್ನು ಒಬ್ಬರೇ ಒಯ್ದು ಪೆನಾಲ್ಟಿ ಪ್ರದೇಶದ ಹೊರಗಿನಿಂದ ಎಡಗಾಲಿನಲ್ಲಿ ಹೊಡೆದರು. ಹತ್ತು ಮಂದಿಯ ತಂಡ 1–0ರಿಂದ ಗೆದ್ದು ಹದಿನೇಳನೆಯ ಬಾರಿಗೆ ಕಪ್ ಎತ್ತಿತು. ಬಹುಮಾನ ವಿತರಣೆಯವರೆಗೆ ಕಾಯಿರಿ, ಏಕೆಂದರೆ ಡುರಾಂಡ್ ವಿಜೇತರಿಗೆ ಕೊಡುವುದು ಒಂದಲ್ಲ, ಮೂರು ಟ್ರೋಫಿಗಳು: ಡುರಾಂಡ್ ಕಪ್, ಪ್ರೆಸಿಡೆಂಟ್ಸ್ ಕಪ್, ಶಿಮ್ಲಾ ಟ್ರೋಫಿ.

ಕಾಯುವುದರಿಂದ ಇನ್ನೊಂದು ಲಾಭವಿದೆ. ಪಂದ್ಯ ಮುಗಿದ ಕೂಡಲೇ ಬೈಪಾಸ್ ರಸ್ತೆ ಪೂರ್ತಿ ಜನರಿಂದ ತುಂಬಿಹೋಗುತ್ತದೆ, ಟ್ಯಾಕ್ಸಿ ಸಿಕ್ಕರೂ ಮುಂದೆ ಸಾಗುವುದಿಲ್ಲ. ಹೌರಾ ಕಡೆ ಹೋಗುವವರು ಸ್ಟೇಡಿಯಂ ನಿಲ್ದಾಣದ ಸಾಲಿನಲ್ಲಿ ನಿಲ್ಲುವ ಬದಲು ಹಿಂದಿನ ನಿಲ್ದಾಣವಾದ ಬೆಂಗಾಲ್ ಕೆಮಿಕಲ್‌ವರೆಗೆ ನಡೆದು ಅಲ್ಲಿ ರೈಲು ಹತ್ತಿದರೆ, ಗುಂಪು ನುಗ್ಗುವ ಮೊದಲೇ ನಿಲ್ಲಲು ಜಾಗ ಸಿಗುತ್ತದೆ. ಅಂದೇ ರಾತ್ರಿಯ ರೈಲನ್ನೋ ವಿಮಾನವನ್ನೋ ನೆಚ್ಚಿಕೊಳ್ಳಬೇಡಿ: ಕಪ್ ಫೈನಲ್ ಹೆಚ್ಚುವರಿ ಸಮಯಕ್ಕೂ ಪೆನಾಲ್ಟಿಗಳಿಗೂ ಹೋಗಬಹುದು. 2025ರ ಅಕ್ಟೋಬರ್‌ನ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಇದೇ ಎರಡು ತಂಡಗಳ ನಡುವಿನ ತೀರ್ಪು ಪೆನಾಲ್ಟಿಗಳಲ್ಲೇ ಆಯಿತು. ಮರುದಿನ ಮಧ್ಯಾಹ್ನದ ನಂತರದ ಪ್ರಯಾಣವನ್ನೇ ಕಾದಿರಿಸಿ.