‘ಟೆನ್ಷನ್ ಮಾಡಿಕೊಳ್ಳಬೇಡಿ’ ಎನ್ನುವುದನ್ನು ನಾನು ಬಿಟ್ಟದ್ದು

ದಾವಣಗೆರೆಯ ಒಂದು ಖಾಸಗಿ ಬಂಜೆತನ ಚಿಕಿತ್ಸಾ ಕೇಂದ್ರಕ್ಕೆ ನಾನು ಆಪ್ತಸಮಾಲೋಚಕಿಯಾಗಿ ಸೇರಿದ್ದು 2014ರಲ್ಲಿ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೆ. ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು), ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವುದು) ಎಂಬ ಹೆಸರುಗಳನ್ನು ಕೇಳಿದ್ದೆನೇ ಹೊರತು ಅವುಗಳ ಒಳಹೊರಗು ತಿಳಿದಿರಲಿಲ್ಲ. ಸ್ಕ್ಯಾನಿಂಗ್ ಕೋಣೆಗೂ ಬಿಲ್ಲಿಂಗ್ ಕೌಂಟರಿಗೂ ನಡುವಿನ ಒಂದು ಸಣ್ಣ ಕೋಣೆಯನ್ನು ನನಗೆ ಕೊಟ್ಟಿದ್ದರು. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಗರ್ಭಕೋಶದ ದೊಡ್ಡ ಚಿತ್ರ ಅಲ್ಲಿದ್ದವು. ಬಿಲ್ಲು ಕಟ್ಟುವವರ ಲೆಕ್ಕಾಚಾರದ ಮಾತು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಮುಂದೆ ಕುಳಿತವರ ಮಾತು ಆಚೆಗೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತಿರಬಹುದೆಂದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆ ಕೋಣೆಯಲ್ಲಿ ಮೊದಲ ಮೂರು ವರ್ಷ ನಾನು ಬಂದವರಿಗೆಲ್ಲ ತಪ್ಪದೆ ಹೇಳುತ್ತಿದ್ದ ಮಾತು ಒಂದಿತ್ತು: “ಟೆನ್ಷನ್ ಮಾಡಿಕೊಳ್ಳಬೇಡಿ, ಮನಸ್ಸನ್ನು ಖುಷಿಯಾಗಿಟ್ಟುಕೊಳ್ಳಿ, ಎಲ್ಲ ಒಳ್ಳೆಯದಾಗುತ್ತದೆ.” ವೈದ್ಯರೂ ಅದನ್ನೇ ಹೇಳುತ್ತಿದ್ದರು, ಸಿಸ್ಟರುಗಳೂ ಅದನ್ನೇ ಹೇಳುತ್ತಿದ್ದರು, ಬಸ್ ನಿಲ್ದಾಣದಿಂದ ಕರೆತರುವ ಆಟೋದವರೂ ಅದನ್ನೇ ಹೇಳುತ್ತಿದ್ದರೆಂದು ಒಬ್ಬರು ನಗುತ್ತಾ ತಿಳಿಸಿದ್ದರು. ಎಲ್ಲರೂ ಹೇಳುವುದನ್ನೇ ನಾನೂ ಹೇಳುವುದಾದರೆ ನನಗೆ ಸಂಬಳ ಏಕೆ ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು, ಏಳಲಿಲ್ಲ.

ಅದು ಎದ್ದದ್ದು 2017ರ ಮಳೆಗಾಲದಲ್ಲಿ. ಈ ಬರಹದಲ್ಲಿ ಬರುವವರ ಊರು, ಉದ್ಯೋಗ, ಮನೆಯ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಆ ಪ್ರಶ್ನೆಯನ್ನು ಎಬ್ಬಿಸಿದವರು ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ, ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಅದು ಅವರ ಎರಡನೆಯ ಐವಿಎಫ್. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ‘ಟ್ರಾನ್ಸ್‌ಫರ್’ ಮುಗಿದು, ರಕ್ತಪರೀಕ್ಷೆಗಾಗಿ ಕಾಯುವ ಎರಡು ವಾರಗಳ ನಡುವೆ, ಅವರನ್ನು ಸಾಕಿ ಬೆಳೆಸಿದ್ದ ಅಜ್ಜಿ ತೀರಿಕೊಂಡರು. ಫಲಿತಾಂಶ ನೆಗೆಟಿವ್ ಬಂದ ಮೂರನೆಯ ದಿನ ಅವರು ಗಂಡನನ್ನು ಹೊರಗೆ ಕೂರಿಸಿ ಒಬ್ಬರೇ ಒಳಗೆ ಬಂದರು. ಕಣ್ಣಲ್ಲಿ ನೀರಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಬಂದವರ ಹಾಗೆ ಮೇಜಿನ ಅಂಚನ್ನು ಹಿಡಿದುಕೊಂಡು ಹೇಳಿದರು: “ಮೇಡಂ, ನೀವು ಹೇಳಿದ್ರಿ, ಮನಸ್ಸಿಗೆ ಏನೂ ಹಚ್ಚಿಕೋಬೇಡಿ ಅಂತ. ಎಲ್ಲರೂ ಎದೆ ಬಡ್ಕೊಂಡು ಅಳ್ತಿದ್ರು, ನಾನು ಜಗಲಿ ಮೇಲೆ ಹಲ್ಲು ಕಚ್ಚಿ ಕೂತಿದ್ದೆ. ಅಜ್ಜಿನ ಸಾಕಿದ ಮೊಮ್ಮಗಳಿಗೇ ದುಃಖ ಇಲ್ಲ ನೋಡು ಅಂದ್ರು, ಅದನ್ನೂ ತಡ್ಕೊಂಡೆ. ಎತ್ತೋ ಹೊತ್ತಿಗೆ ಮಾತ್ರ ಆಗಲಿಲ್ಲ ಮೇಡಂ. ಅತ್ತುಬಿಟ್ಟೆ.”

ಅಳದೆ ಇದ್ದಿದ್ದರೆ ಮಗು ನಿಲ್ಲುತ್ತಿತ್ತು ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಅವರ ತಲೆಗೆ ಹಾಕಿದವಳು ನಾನು. ಸಂತೋಷವಾಗಿದ್ದರೆ ಗರ್ಭ ನಿಲ್ಲುತ್ತದೆ ಎಂಬ ಮಾತಿನ ಬೆನ್ನಿಗೇ, ನಿಲ್ಲದಿದ್ದರೆ ನೀವು ಸಂತೋಷವಾಗಿರಲಿಲ್ಲ ಎಂಬ ಮಾತೂ ಅಂಟಿಕೊಂಡಿರುತ್ತದೆ. ಮೊದಲನೆಯದನ್ನು ನಾನು ಬಾಯಿಬಿಟ್ಟು ಹೇಳಿದ್ದೆ, ಎರಡನೆಯದನ್ನು ಅವರು ತಾವೇ ಓದಿಕೊಂಡಿದ್ದರು.

ಆ ವಾರ ನಾನು ಕುಳಿತು ಓದಿದೆ, ಮೊದಲೇ ಓದಬೇಕಿದ್ದುದು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಜಾಕಿ ಬೋವಿನ್ ಮತ್ತು ಸಂಗಡಿಗರು 14 ಅಧ್ಯಯನಗಳನ್ನು, ಒಟ್ಟು 3,583 ಮಹಿಳೆಯರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಚಿಕಿತ್ಸೆಗೆ ಮೊದಲು ಮನಸ್ಸಿನಲ್ಲಿದ್ದ ದುಗುಡಕ್ಕೂ ಆ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಅವರಿಗೆ ಕಾಣಲಿಲ್ಲ. ಭ್ರೂಣ ನಿಲ್ಲದಿರುವುದಕ್ಕೆ ಬಹಳಷ್ಟು ಸಲ ಕಾರಣ ಭ್ರೂಣದ ವರ್ಣತಂತುಗಳಲ್ಲಿಯೇ ಇರುವ ದೋಷ. ಹೆಣ್ಣಿನ ವಯಸ್ಸು ಏರಿದಂತೆ ಅದು ಹೆಚ್ಚುತ್ತದೆ, ಅತ್ತರೂ ನಕ್ಕರೂ ಅದು ಬದಲಾಗುವುದಿಲ್ಲ. ದುಗುಡ ಕಡಿಮೆಯದೆಂದು ಇದರ ಅರ್ಥವಲ್ಲ. ಅಮೆರಿಕದ ಆಲಿಸ್ ಡೋಮರ್ 1993ರಲ್ಲಿಯೇ ಬಂಜೆತನದ ಚಿಕಿತ್ಸೆಯಲ್ಲಿರುವ ಮಹಿಳೆಯರ ಖಿನ್ನತೆ ಮತ್ತು ಆತಂಕವನ್ನು ಕ್ಯಾನ್ಸರ್ ರೋಗಿಗಳ ಜೊತೆಗೆ ಹೋಲಿಸಿ, ಎರಡೂ ಹತ್ತಿರ ಹತ್ತಿರ ಇರುವುದನ್ನು ತೋರಿಸಿದ್ದರು. ಅಂದರೆ ನೋವು ನಿಜ, ಅದಕ್ಕೆ ಆರೈಕೆ ಬೇಕೇ ಬೇಕು. ಆದರೆ ಆ ಆರೈಕೆ ಆ ಹೆಣ್ಣಿಗಾಗಿ ಸಲ್ಲಬೇಕಾದದ್ದು, ಆಕೆಯ ಗರ್ಭಕೋಶವನ್ನು ಸರಿದಾರಿಗೆ ತರುವ ಉಪಾಯವಾಗಿ ಅಲ್ಲ. ನನ್ನ ಕೆಲಸವನ್ನು ನಾನು ತಲೆಕೆಳಗಾಗಿ ಹಿಡಿದುಕೊಂಡಿದ್ದೆ.

ಈಗ ಟ್ರಾನ್ಸ್‌ಫರ್ ಆದ ದಿನ ನಾನು ಹೇಳುವುದು ಬೇರೆ. ಅಳು ಬಂದರೆ ಅಳಿ, ಜಗಳವಾಡಬೇಕೆನಿಸಿದರೆ ಆಡಿ, ಫಲಿತಾಂಶ ಅದರಿಂದ ನಿರ್ಧಾರವಾಗುವುದಿಲ್ಲ ಎನ್ನುತ್ತೇನೆ. ಮೆಟ್ಟಿಲು ಹತ್ತಿದರೆ, ಶೌಚಾಲಯಕ್ಕೆ ಹೋದರೆ, ಬಸ್ಸು ಗುಂಡಿಗೆ ಬಿದ್ದರೆ ಭ್ರೂಣ ಜಾರಿ ಬೀಳುವುದಿಲ್ಲವೆಂದೂ, ಹದಿನೈದು ದಿನ ಮಂಚ ಹಿಡಿದು ಮಲಗುವುದರಿಂದ ಲಾಭವಿಲ್ಲವೆಂದೂ ವಿವರಿಸುತ್ತೇನೆ. ಆ ದಿನಗಳಲ್ಲಿ ಗರ್ಭಕ್ಕೆ ಆಸರೆಯಾಗಲೆಂದು ತೆಗೆದುಕೊಳ್ಳುವ ಪ್ರೊಜೆಸ್ಟರಾನ್ ಹಾರ್ಮೋನಿನಿಂದಲೇ ಸ್ತನಗಳು ಬಿಗಿಯುತ್ತವೆ, ಹೊಟ್ಟೆ ಉಬ್ಬರಿಸುತ್ತದೆ, ಮುಟ್ಟು ಮುಂದಕ್ಕೆ ಹೋಗಬಹುದು. ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಸೂಜಿ ಎಚ್‌ಸಿಜಿಯದಾಗಿದ್ದರೆ, ಗರ್ಭಪರೀಕ್ಷೆ ಹುಡುಕುವುದೂ ಅದೇ ಹಾರ್ಮೋನನ್ನಾದ್ದರಿಂದ, ಮನೆಯಲ್ಲಿ ಬೇಗ ಮಾಡಿಕೊಂಡ ಮೂತ್ರಪರೀಕ್ಷೆಯಲ್ಲಿ ಇಲ್ಲದ ಗೆರೆಯೂ ಮೂಡಬಹುದು. ಇವನ್ನು ಮೊದಲೇ ಹೇಳದೆ ಇದ್ದುದರಿಂದ, ಎಂಟನೆಯ ದಿನಕ್ಕೆ ತವರಿಗೆ ಫೋನು ಮಾಡಿ ಸಿಹಿ ಸುದ್ದಿ ಹಂಚಿ, ಹದಿನಾಲ್ಕನೆಯ ದಿನ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದವರನ್ನು ನಾನು ಕಂಡಿದ್ದೇನೆ. ಸುದ್ದಿ ಹಿಂದಕ್ಕೆ ತೆಗೆದುಕೊಳ್ಳುವಷ್ಟು ಕಷ್ಟ ಸುದ್ದಿ ಇಲ್ಲದಿರುವುದರಲ್ಲಿ ಇಲ್ಲ.

ಫಲಿತಾಂಶ ತಿಳಿಸುವ ಕ್ರಮವನ್ನೂ ಬದಲಿಸಬೇಕಾಯಿತು. ಗರ್ಭ ನಿಂತಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯ, ಅಂದರೆ ಬೀಟಾ ಎಚ್‌ಸಿಜಿಯ ವರದಿ ಮಧ್ಯಾಹ್ನದ ನಂತರ ಬರುತ್ತದೆ. ಹಿಂದೆ, ರಿಸೆಪ್ಷನ್‌ನಲ್ಲಿ ಯಾರಿಗೆ ಬಿಡುವಿತ್ತೋ ಅವರು ಫೋನು ಮಾಡಿ ಹೇಳಿಬಿಡುತ್ತಿದ್ದರು. ಒಬ್ಬರಿಗೆ ಆ ಫೋನು ಹೋದಾಗ ಅವರು ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರು. ಇನ್ನೊಬ್ಬರು ನಾದಿನಿಯ ಮಗುವಿನ ನಾಮಕರಣದಲ್ಲಿ ಎಲೆ ಹಾಕುತ್ತಿದ್ದರು. ಈಗ ಟ್ರಾನ್ಸ್‌ಫರ್ ದಿನವೇ ಮೂರು ಪ್ರಶ್ನೆ ಕೇಳಿ ಕಡತದಲ್ಲಿ ಬರೆದುಕೊಳ್ಳುತ್ತೇನೆ: ಆ ದಿನ ಎಲ್ಲಿರುತ್ತೀರಿ, ನಿಮಗೆ ಮಾಡಬೇಕೋ ನಿಮ್ಮ ಯಜಮಾನರಿಗೋ, ಎಷ್ಟು ಗಂಟೆಗೆ. ಫೋನು ಮಾಡುವವಳು ನಾನೇ. ಹೇಳಿ ಇಡುವುದಿಲ್ಲ, ಅವರು ಇಡುವ ತನಕ ನಾನು ಇಡುವುದಿಲ್ಲ. ಒಮ್ಮೆ ಹನ್ನೊಂದು ನಿಮಿಷ ಇಬ್ಬರೂ ಮಾತೇ ಆಡದೆ ಇದ್ದೆವು.

ಕಾಯುವ ಹಾಲಿನಲ್ಲಿ ಕುರ್ಚಿಗಳಿಗೆ ಎದುರಾಗಿಯೇ ನಮ್ಮಲ್ಲಿ ಹುಟ್ಟಿದ ಮಕ್ಕಳ ಫೋಟೋಗಳ ದೊಡ್ಡ ಬೋರ್ಡು ಇತ್ತು. ಅದನ್ನು ಅಲ್ಲಿಂದ ತೆಗೆಸಲು ಆಡಳಿತದವರೊಂದಿಗೆ ಎರಡು ವರ್ಷ ವಾದಿಸಿದೆ. ಕೊನೆಗೆ ಅದು ಲಿಫ್ಟಿನ ಪಕ್ಕಕ್ಕೆ ಹೋಯಿತು. ಅಷ್ಟೇ ಸಿಕ್ಕಿದ್ದು.

ಹೆಚ್ಚು ಹೊತ್ತು ಹಿಡಿಯುವುದು ಮನೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಬಂಜೆತನವನ್ನು ಎದುರಿಸುತ್ತಾರೆ, ಮತ್ತು ಆ ‘ಮಂದಿ’ಯಲ್ಲಿ ಗಂಡಸರೂ ಇದ್ದಾರೆ. ನಮ್ಮ ಮಾತಿನಲ್ಲಿ ಮಾತ್ರ ಬಂಜೆ ಎಂದರೆ ಹೆಣ್ಣೇ. ‘ಬಂಜೆಗೇನು ಗೊತ್ತು ಹೆರಿಗೆ ಬೇನೆ’ ಎಂಬ ಗಾದೆಯನ್ನು ಯಾವ ಯೋಚನೆಯೂ ಇಲ್ಲದೆ ಬಳಸುವ ನಾವು, ಬಂಜೆಯ ಬೇನೆ ಯಾರಿಗೆ ಗೊತ್ತು ಎಂದು ಕೇಳುವ ಗಾದೆಯನ್ನು ಕಟ್ಟಿಕೊಂಡಿಲ್ಲ. ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವೆಂದು ಗಂಡನ ವರದಿ ಬಂದ ಮೇಲೂ “ಅತ್ತೆಗೆ ನನಗೇ ತೊಂದರೆ ಅಂತ ಹೇಳಿದ್ದೀನಿ ಮೇಡಂ, ಅವರ ಮರ್ಯಾದೆ ಹೋಗಬಾರದಲ್ಲ” ಎಂದ ಹೆಣ್ಣುಮಕ್ಕಳು ಒಬ್ಬಿಬ್ಬರಲ್ಲ. ಮೊದಮೊದಲು ನಾನು ಅದನ್ನು ತ್ಯಾಗವೆಂದು ಮೆಚ್ಚಿಕೊಂಡದ್ದುಂಟು. ಅನಂತರ ಅದೇ ಅತ್ತೆ ಮಗನಿಗೆ ಎರಡನೆಯ ಹೆಣ್ಣು ನೋಡಲು ಹೊರಟಾಗ, ಆ ಸುಳ್ಳನ್ನು ಹೊತ್ತವರಿಗೆ ಇಳಿಸಲು ಜಾಗವೇ ಇಲ್ಲದಂತಾದುದನ್ನೂ ನೋಡಿದೆ. ಈಗ ಗಂಡಂದಿರನ್ನು ಪ್ರತ್ಯೇಕವಾಗಿ ಕರೆದು ಒಂದೇ ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಯಾರಿಗೆ ಏನು ಹೇಳಿದ್ದೀರಿ, ಹೇಳಿದವರು ಯಾರು? ಹೇಳಬೇಕು ಎಂದು ಒತ್ತಾಯಿಸುವುದಿಲ್ಲ, ವರದಿಯ ಗುಟ್ಟು ಅವರದೇ. ಆದರೆ ಇಬ್ಬರಿಗೂ ಒಂದೇ ಉತ್ತರ ಇರಲಿ, ಅದನ್ನು ಹೇಳುವವರು ಗಂಡನೇ ಆಗಿರಲಿ ಎಂಬಷ್ಟನ್ನು ಕೇಳಿಕೊಳ್ಳುತ್ತೇನೆ. “ಇಬ್ಬರದೂ ಚಿಕಿತ್ಸೆ ನಡೀತಿದೆ, ಏನಾದರೂ ಇದ್ದರೆ ನಾವೇ ಹೇಳ್ತೀವಿ” ಎಂಬ ಒಂದು ವಾಕ್ಯವನ್ನು ನನ್ನ ಕೋಣೆಯಲ್ಲಿಯೇ ನಾಲ್ಕು ಸಲ ಹೇಳಿಸಿ ಅಭ್ಯಾಸ ಮಾಡಿಸಿದ್ದೇನೆ. ನಗುತ್ತಾರೆ, ಆದರೆ ಅದು ಉಪಯೋಗಕ್ಕೆ ಬರುತ್ತದೆ.

ಸೀಮಂತ, ತೊಟ್ಟಿಲು ಶಾಸ್ತ್ರಗಳಿಗೆ ಹೋಗಬೇಕೋ ಬೇಡವೋ ಎಂಬುದು ಪ್ರತಿ ತಿಂಗಳೂ ಬರುವ ಪ್ರಶ್ನೆ. ಆರತಿ ಎತ್ತಲು ಕರೆಯದೆ ಹಿಂದೆ ನಿಲ್ಲಿಸುತ್ತಾರೆ, ಉಡಿ ತುಂಬುವಾಗ ಇವರನ್ನು ದಾಟಿ ಮುಂದಿನವರಿಗೆ ತಟ್ಟೆ ಕೊಡುತ್ತಾರೆ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ನಾವು ಕುಳಿತು ಸಣ್ಣ ಸಣ್ಣ ಏರ್ಪಾಡು ಮಾಡಿಕೊಳ್ಳುತ್ತೇವೆ: ಹಿಂದಿನ ದಿನವೇ ಹೋಗಿ ಸೀರೆ ಕೊಟ್ಟು ಬರುವುದು, ಇಲ್ಲವೇ ಊಟದ ಹೊತ್ತಿಗೆ ಹೋಗಿ ಬಡಿಸಲು ನಿಲ್ಲುವುದು, ಹೊರಡುವ ಸಮಯವನ್ನು ಗಂಡನಿಗೆ ಮೊದಲೇ ಹೇಳಿಟ್ಟಿರುವುದು. ಹರಕೆಗಳ ವಿಷಯದಲ್ಲಿಯೂ ನನ್ನ ಧೋರಣೆ ಬದಲಾಗಿದೆ. ಘಾಟಿಯಲ್ಲಿ ನಾಗನ ಕಲ್ಲು ನಿಲ್ಲಿಸಿ ಬಂದವರು, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತವರು ಅದನ್ನು ನನಗೆ ಹೇಳಲು ಹಿಂಜರಿಯುತ್ತಿದ್ದರು, ಓದಿದವಳು ನಕ್ಕಾಳು ಎಂದು. ಈಗ ನಾನೇ ಕೇಳುತ್ತೇನೆ. ಸೂಜಿಗಳ ದಿನಗಳಲ್ಲಿ ಕಟ್ಟುನಿಟ್ಟಿನ ಉಪವಾಸ ಬೇಡವೆಂದಷ್ಟೇ ಹೇಳಿ, ಉಳಿದದ್ದನ್ನು ಕೇಳಿಸಿಕೊಳ್ಳುತ್ತೇನೆ. ಎಷ್ಟೋ ಜನರಿಗೆ ತಮ್ಮ ಆಸೆಯನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಸಿಕ್ಕ ಒಂದೇ ಜಾಗ ಆ ದೇವಸ್ಥಾನ.

2022ರ ಜನವರಿಯಲ್ಲಿ ಸಹಾಯಿತ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ ಜಾರಿಗೆ ಬಂದ ಮೇಲೆ ನನ್ನಂಥವರ ಸ್ಥಾನ ಭದ್ರವಾಯಿತು. ಚಿಕಿತ್ಸೆಯ ಸಾಧ್ಯತೆ, ಅಪಾಯ, ಖರ್ಚುಗಳನ್ನು ದಂಪತಿಗೆ ತಿಳಿಸಿ ಹೇಳುವ ಸಮಾಲೋಚನೆಯನ್ನು ಕಾನೂನೇ ಕಡ್ಡಾಯ ಮಾಡಿದೆ. ಒಳ್ಳೆಯದೇ ಆಯಿತು, ಆದರೆ ಒಂದು ತೊಡಕೂ ಇದೆ. ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿಸುವುದೇ ಸಮಾಲೋಚನೆ ಎಂದು ಭಾವಿಸುವುದು ಸುಲಭ, ಮತ್ತು ಸಹಿ ಬಿದ್ದ ಮೇಲೆ ಸಮಾಲೋಚಕಿಯ ಕೆಲಸ ಮುಗಿಯಿತೆಂದು ತಿಳಿಯುವುದು ಇನ್ನೂ ಸುಲಭ. ನನ್ನ ಅನುಭವದಲ್ಲಿ ಹೆಚ್ಚಿನವರಿಗೆ ನನ್ನ ಅಗತ್ಯ ಬೀಳುವುದು ನೆಗೆಟಿವ್ ಬಂದ ನಂತರದ ಹತ್ತನೆಯ ದಿನದ ಆಸುಪಾಸಿನಲ್ಲಿ; ಆಗ ಅವರಿಗೆ ಆಸ್ಪತ್ರೆಗೆ ಬರಲು ಯಾವ ಕಾರಣವೂ ಇರುವುದಿಲ್ಲ, ಸ್ಕ್ಯಾನ್ ಇಲ್ಲ, ಸೂಜಿ ಇಲ್ಲ. ಆದ್ದರಿಂದ ಆ ವಾರದ ಭೇಟಿಯನ್ನು ಮೊದಲೇ ಬರೆದಿಡುತ್ತೇನೆ, ಅದಕ್ಕೆ ಬಿಲ್ಲು ಮಾಡುವುದಿಲ್ಲ. ಅಂದು ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಕೇಳುತ್ತೇನೆ. ನಿದ್ರೆ, ಆಯಾಸ, ಹಸಿವುಗಳ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಹಾರ್ಮೋನುಗಳ ಪಾಲೆಷ್ಟು ಎಂಬುದನ್ನು ತೂಗಿ ನೋಡಬೇಕಾಗುತ್ತದೆ. ಒಂಬತ್ತನೆಯ ಪ್ರಶ್ನೆ ಸತ್ತರೆ ಒಳ್ಳೆಯದಿತ್ತು ಎಂಬ ಯೋಚನೆಯ ಬಗೆಗಿನದು. ಅದಕ್ಕೆ ಹೌದೆಂಬ ಉತ್ತರ ಬಂದರೆ ಅಂದೇ ಮನೋವೈದ್ಯರಲ್ಲಿಗೆ ಜೊತೆಯಲ್ಲಿ ಕಳಿಸುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲಿಯೂ ಉಳಿಸಿಕೊಡುತ್ತೇನೆ. ನನ್ನ ಕೋಣೆಯಲ್ಲಿ ಎಲ್ಲವನ್ನೂ ಸರಿಮಾಡಬಲ್ಲೆ ಎಂಬ ಭ್ರಮೆ ನನಗೆ ಈಗಿಲ್ಲ.

ಆ ಶಿಕ್ಷಕಿ 2019ರಲ್ಲಿ ಮೂರನೆಯ ಸುತ್ತಿಗೆ ಬಂದರು. ಅದೂ ನಿಲ್ಲಲಿಲ್ಲ. ಇನ್ನು ಸಾಕು ಎಂಬ ಮಾತನ್ನು ಅವರೇ ಎತ್ತಿದರು. ಇನ್ನೊಂದು ಸಲ ನೋಡೋಣ ಎಂಬ ಮಾತು ನನ್ನ ಬಾಯಿಯ ತುದಿಯವರೆಗೂ ಬಂದಿತ್ತು, ಹೇಳಲಿಲ್ಲ. ನಿಲ್ಲಿಸುವ ನಿರ್ಧಾರವೂ ಚಿಕಿತ್ಸೆಯ ಒಂದು ನಿರ್ಧಾರವೇ ಎಂಬುದನ್ನು ಒಪ್ಪಿಕೊಳ್ಳಲು ಚಿಕಿತ್ಸಾ ಕೇಂದ್ರದಲ್ಲಿ ದುಡಿಯುವವರಿಗೆ ಸುಲಭವಲ್ಲ.

ಎರಡು ತಿಂಗಳ ನಂತರ ಅವರು ಒಂದು ಥರ್ಮಾಕೋಲ್ ಡಬ್ಬಿ ಹಿಡಿದು ಮತ್ತೆ ಬಂದರು. ಅದರೊಳಗೆ ಅರ್ಧ ಕರಗಿದ ಐಸ್ ಪ್ಯಾಕಿನ ಪಕ್ಕದಲ್ಲಿ ಉಳಿದುಹೋದ ಎರಡು ಇಂಜೆಕ್ಷನ್ ಪೆನ್ನುಗಳಿದ್ದವು. ಫ್ರಿಜ್ಜಿನ ಬಾಗಿಲಲ್ಲಿ, ಹಾಲಿನ ಪ್ಯಾಕೆಟ್ಟಿನ ಹಿಂದೆ, ಶಕ್ತಿಯ ಸೂಜಿ ಎಂದು ಮನೆಯವರಿಗೆ ಹೇಳಿ ಇಟ್ಟಿದ್ದವು. “ಯಾರಿಗಾದರೂ ಕೊಡೋಕೆ ಬರುತ್ತಾ ಮೇಡಂ? ಬಹಳ ದುಡ್ಡಿನವು” ಎಂದರು. ಒಬ್ಬರ ಮನೆಯಲ್ಲಿದ್ದ ಔಷಧವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದೆ. ತಲೆಯಾಡಿಸಿದರು. ಸ್ವಲ್ಪ ಹೊತ್ತು ಆ ಪೆನ್ನುಗಳನ್ನೇ ನೋಡುತ್ತಾ ಕುಳಿತಿದ್ದು, “ಈಗ ಅತ್ತರೆ ಏನೂ ಆಗಲ್ಲ ಅಲ್ವಾ?” ಎಂದು ಕೇಳಿದರು. ಆಗಲೂ ಏನೂ ಆಗಿರಲಿಲ್ಲ ಎಂದೆ. ಅಜ್ಜಿಯ ಹೆಸರು ಹಿಡಿದು ಬಹಳ ಹೊತ್ತು ಅತ್ತರು. ಗೋಡೆಯಾಚೆ ಯಾರೋ ರಸೀದಿ ಕೇಳುತ್ತಿದ್ದರು.

ಪೆನ್ನುಗಳನ್ನು ವಿಲೇವಾರಿಯ ರಿಜಿಸ್ಟರಿನಲ್ಲಿ ಬರೆದುಕೊಂಡು ಸಿಸ್ಟರಿಗೆ ಒಪ್ಪಿಸಿದೆ. ಡಬ್ಬಿಯನ್ನೂ ಕಸಕ್ಕೆ ಹಾಕಲು ಹೊರಟಾಗ ಅವರು ಕೈಚಾಚಿ ತೆಗೆದುಕೊಂಡರು. ಶಾಲೆಯಲ್ಲಿ ಮಕ್ಕಳು ವಿಜ್ಞಾನದ ಮಾದರಿ ಮಾಡುತ್ತಿದ್ದಾರೆ, ಥರ್ಮಾಕೋಲ್ ಬೇಕಾಗಿದೆ ಎಂದರು.