ತುರ್ತು ಅಧಿಕಾರಕ್ಕೆ ಕೊನೆ ಹೇಳುವವರು ಯಾರು?

ಸರ್ವಾಧಿಕಾರವನ್ನು ಕುರಿತ ಆಧುನಿಕ ಚರ್ಚೆಯನ್ನು ಓದುವಾಗಲೆಲ್ಲ ನಾನು ಮತ್ತೆ ಮತ್ತೆ ಮರಳುವುದು ಜರ್ಮನಿಯ ಕಾನೂನು ಪಂಡಿತ ಕಾರ್ಲ್ ಶ್ಮಿಟ್ 1921ರಲ್ಲಿ ಮಂಡಿಸಿದ ವಿಂಗಡಣೆಗೆ. ಆತನ ಪ್ರಕಾರ, ಇರುವ ಸಂವಿಧಾನವನ್ನು ಕಾಪಾಡಲೆಂದು ಗೊತ್ತುಪಡಿಸಿದ ಕಾರ್ಯಕ್ಕಾಗಿ ಅಧಿಕಾರ ಪಡೆದವನು ಒಂದು ಬಗೆಯ ಸರ್ವಾಧಿಕಾರಿ. ಇರುವುದನ್ನು ಕಿತ್ತು ಹೊಸ ವ್ಯವಸ್ಥೆಯನ್ನೇ ಕಟ್ಟಹೊರಟವನು ಇನ್ನೊಂದು ಬಗೆ. ರೋಮ್ ಗಣರಾಜ್ಯದ ಸರ್ವಾಧಿಕಾರಿ ಮೊದಲನೆಯ ಬಗೆಯವನು: ಆತನನ್ನು ನೇಮಿಸುತ್ತಿದ್ದವನು ಕಾನ್ಸಲ್ ಎಂಬ ಚುನಾಯಿತ ಉನ್ನತಾಧಿಕಾರಿ, ಅವಧಿ ಹೆಚ್ಚೆಂದರೆ 6 ತಿಂಗಳು.

ಈ ಎರಡರ ನಡುವಿನ ಗೆರೆಯನ್ನು ಸಿದ್ಧಾಂತ ಎಷ್ಟೇ ಖಚಿತವಾಗಿ ಎಳೆದರೂ, ಅಧಿಕಾರವನ್ನು ಹಿಂಪಡೆಯಬಲ್ಲ ಸಂಸ್ಥೆ ಕುಸಿದ ದಿನ ಅದು ಅಳಿಸಿಹೋಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಮೊದಲ ಮಹಾಯುದ್ಧದ ನಂತರ ಗಣರಾಜ್ಯವಾದ ಜರ್ಮನಿಯ ವೈಮಾರ್ ಸಂವಿಧಾನದ 48ನೇ ವಿಧಿ ಅಧ್ಯಕ್ಷರಿಗೆ ತುರ್ತು ಅಧಿಕಾರವನ್ನೂ 7 ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವ ಅವಕಾಶವನ್ನೂ ಕೊಟ್ಟಿತ್ತು. ಸಂಸತ್ತು ಕೇಳಿದರೆ ಆ ಕ್ರಮಗಳನ್ನು ರದ್ದುಗೊಳಿಸಲೇಬೇಕಿತ್ತು. ವಿವರಗಳನ್ನು ಕಾನೂನೊಂದು ನಿಗದಿಪಡಿಸಬೇಕೆಂದು ಅದೇ ವಿಧಿ ಹೇಳಿದ್ದರೂ, ಆ ಕಾನೂನು ಕೊನೆಯವರೆಗೂ ಬರಲಿಲ್ಲ.

1930ರ ಜುಲೈನಲ್ಲಿ ಚಾನ್ಸಲರ್ ಬ್ರೂನಿಂಗ್ ಅವರ ಹಣಕಾಸು ಮಸೂದೆ ಸಂಸತ್ತಿನಲ್ಲಿ ಸೋತಿತು. ಅದನ್ನೇ ಅಧ್ಯಕ್ಷ ಹಿಂಡನ್‌ಬರ್ಗ್ ಸುಗ್ರೀವಾಜ್ಞೆಯಾಗಿ ಹೊರಡಿಸಿದರು. ಸಂಸತ್ತು ತನ್ನ ಹಕ್ಕನ್ನು ಬಳಸಿ ಅದರ ರದ್ದತಿಗೆ ಮತ ಹಾಕಿದಾಗ ಸಂಸತ್ತನ್ನೇ ವಿಸರ್ಜಿಸಲಾಯಿತು. ಕೆಲವೇ ದಿನಗಳಲ್ಲಿ ಆಜ್ಞೆ ಮತ್ತೆ ಹೊರಬಿತ್ತು. ಆ ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳ ಸ್ಥಾನ 12ರಿಂದ 107ಕ್ಕೆ ಏರಿತು. ಹಿಟ್ಲರ್ ಬರುವುದಕ್ಕೆ ಎರಡೂವರೆ ವರ್ಷ ಮೊದಲೇ, ‘ಸಾಕು’ ಎನ್ನುವ ಸಂಸತ್ತಿನ ಮಾತಿಗೆ ಬೆಲೆ ಇಲ್ಲವಾಗಿತ್ತು. 1933ರ ಫೆಬ್ರುವರಿ 28ರಂದು, ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಆ 7 ಹಕ್ಕುಗಳನ್ನು ‘ಮುಂದಿನ ಆದೇಶದವರೆಗೆ’ ಅಮಾನತುಗೊಳಿಸಿದ ಆಜ್ಞೆ ನಾಜಿ ಆಳ್ವಿಕೆ ಮುಗಿಯುವವರೆಗೂ ಜಾರಿಯಲ್ಲಿತ್ತು. ಆ ಮೇ ತಿಂಗಳಲ್ಲಿ ಶ್ಮಿಟ್ ನಾಜಿ ಪಕ್ಷವನ್ನು ಸೇರಿದ. ಅದನ್ನು ಬದಿಗಿಟ್ಟು ಆತನ ಸಿದ್ಧಾಂತವನ್ನು ಓದುವುದು ನನ್ನಿಂದಾಗದು.

ಇದು ನಮಗೆ ದೂರದ ಕಥೆಯಲ್ಲ. 1975ರ ತುರ್ತು ಪರಿಸ್ಥಿತಿಯೂ ಸಂವಿಧಾನದ ವಿಧಿಯೊಂದರ ಅಡಿಯಲ್ಲೇ ಬಂತು. ಅದರಡಿ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಗಳಲ್ಲೇ, 1977ರ ಜನವರಿಯಲ್ಲಿ ತೀರಿಕೊಂಡರು. ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ಜಾರಿಗೊಳಿಸುವಂತೆ ನ್ಯಾಯಾಲಯದ ಮೊರೆಹೋಗುವುದನ್ನು ತಡೆಯಲಾಗದು ಎಂದು ಸಂವಿಧಾನದಲ್ಲಿ ಸೇರಿದ್ದು 1978ರ 44ನೇ ತಿದ್ದುಪಡಿಯಿಂದ.