ಕರೆಂಟು ಹೋದರೂ ಲೂಪ್ ನಿಲ್ಲಬಾರದು

ಮಡಿಕೇರಿ, ನಾಪೋಕ್ಲು, ಸಿದ್ದಾಪುರ ಕಡೆಯ ಹೋಂಸ್ಟೇಗಳಲ್ಲಿ ಸಂಜೆ ಹೊತ್ತು ಗಿಟಾರ್ ಹಿಡಿದು ಹಾಡುವುದು ನನ್ನ ಕೆಲಸ. ಜೊತೆಗೆ ಬ್ಯಾಂಡ್ ಇಲ್ಲ, ಐಪ್ಯಾಡ್ ಇದೆ. ಗಿಟಾರಿನ ಮೈ ತಟ್ಟಿ ಒಂದು ತಾಳ ರೆಕಾರ್ಡ್ ಮಾಡಿದರೆ ಅದು ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಕಾರ್ಡ್ಸ್, ಅದರ ಮೇಲೆ ಎರಡನೇ ದನಿ. ಲೈವ್ ಲೂಪಿಂಗ್ ಅಂದರೆ ಇಷ್ಟೇ. ನೋಡಿದ ಹುಡುಗರು ಬಂದು ಕೇಳುವುದು ಒಂದೇ: "ಯಾವ ಆಪ್ ಅಣ್ಣಾ?" ಆಪ್ ಆಮೇಲೆ. ಕೊಡಗಿನಲ್ಲಿ ಮೊದಲು ಕರೆಂಟಿನ ಯೋಚನೆ ಮಾಡಬೇಕು.

ಮಳೆಗಾಲದಲ್ಲಿ ಗಾಳಿಗೆ ಮರ ಬಿತ್ತು ಅಂದರೆ ಲೈನ್ ಹೋಯಿತು. ಜನರೇಟರ್ ಇದ್ದ ಕಡೆಯೂ ಅದು ಶುರುವಾಗುವ ತನಕ ಕೆಲವು ಸೆಕೆಂಡು ಕತ್ತಲೆ. ಐಪ್ಯಾಡಿನ ಬದಲು ಗೋಡೆಯ ಪ್ಲಗ್ಗಿಗೆ ಹಾಕಿದ ಲೂಪ್ ಪೆಡಲ್ (ಕಾಲಲ್ಲಿ ಒತ್ತಿ ಲೂಪ್ ಮಾಡುವ ಪೆಟ್ಟಿಗೆ) ಆಗಿದ್ದರೆ, ಸೇವ್ ಮಾಡದ ಲೂಪ್ ಅಷ್ಟರಲ್ಲೇ ಮಾಯ. ಹಾಡಿನ ಮಧ್ಯೆ ಯಾರು ಸೇವ್ ಮಾಡುತ್ತಾ ಕೂರುತ್ತಾರೆ? ಐಪ್ಯಾಡಿಗೆ ಅದರದೇ ಬ್ಯಾಟರಿ ಇದೆ, ಲೂಪ್ ಉಳಿಯುತ್ತದೆ. ಆದರೆ ಗಿಟಾರ್, ಮೈಕ್ ಎರಡನ್ನೂ ಐಪ್ಯಾಡಿಗೆ ತಲುಪಿಸುವ ಆಡಿಯೋ ಇಂಟರ್‌ಫೇಸ್ ಗೋಡೆಯ ಕರೆಂಟಿನಲ್ಲಿದ್ದರೆ ಪ್ರಯೋಜನವಿಲ್ಲ. ಇಂಟರ್‌ಫೇಸ್ ಆರಿದ ಕೂಡಲೇ ಐಪ್ಯಾಡ್ ತನ್ನ ಸ್ವಂತ ಮೈಕ್, ಸ್ವಂತ ಸ್ಪೀಕರಿಗೆ ಜಾರುತ್ತದೆ.

ಅದಕ್ಕೇ ನನ್ನ ಇಡೀ ಸೆಟಪ್ ಪವರ್ ಬ್ಯಾಂಕಿನ ಮೇಲೆ ನಡೆಯುತ್ತದೆ. ನನ್ನದು ಲೈಟ್ನಿಂಗ್ ಪೋರ್ಟಿನ ಹಳೇ ಐಪ್ಯಾಡ್. ಅದರಿಂದ ಇಂಟರ್‌ಫೇಸಿಗೆ ಬೇಕಾದಷ್ಟು ಪವರ್ ಬರುವುದಿಲ್ಲ, ಜಾಸ್ತಿ ಪವರ್ ಕೇಳುತ್ತಿದೆ ಅಂತ ಮೆಸೇಜ್ ತೋರಿಸಿ ಸುಮ್ಮನಾಗುತ್ತದೆ. ಚಾರ್ಜಿಂಗ್ ತೂತು ಇರುವ ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ ಹಾಕಿ, ಆ ತೂತಿಗೆ ಪವರ್ ಬ್ಯಾಂಕ್ ಕೊಟ್ಟರೆ ಎರಡೂ ಬದುಕುತ್ತವೆ. ಪವರ್ ಬ್ಯಾಂಕನ್ನು ಮನೆಯಲ್ಲೇ ತುಂಬಿಸಿಕೊಂಡು ಹೋಗುತ್ತೇನೆ, ಕಾರ್ಯಕ್ರಮದ ನಡುವೆ ಚಾರ್ಜಿಗೆ ಹಾಕುವುದಿಲ್ಲ. ಕೆಲವು ಪವರ್ ಬ್ಯಾಂಕುಗಳು ಚಾರ್ಜರ್ ಚುಚ್ಚಿದ, ಕಿತ್ತ ಗಳಿಗೆಯಲ್ಲಿ ಔಟ್‌ಪುಟ್ಟನ್ನು ಒಂದು ಕ್ಷಣ ಕಟ್ ಮಾಡುತ್ತವೆ. ಆ ಒಂದು ಕ್ಷಣ ಸಾಕು, ಇಂಟರ್‌ಫೇಸ್ ಹೋಗುತ್ತದೆ. ಸ್ಪೀಕರ್ ಕೂಡ ಬ್ಯಾಟರಿಯದೇ. ಇದರಿಂದ ಇನ್ನೊಂದು ಲಾಭ ಇದೆ. ಅರ್ಥಿಂಗ್ ಸರಿಯಿಲ್ಲದ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಚಾರ್ಜರ್ ಒಂದು ಪ್ಲಗ್ಗಿಗೆ, ಸ್ಪೀಕರ್ ಇನ್ನೊಂದಕ್ಕೆ ಹಾಕಿದರೆ ಬರುವ ಗುಂಯ್ ಸದ್ದು ಇರುವುದೇ ಇಲ್ಲ.

ಇನ್ನು ಮಳೆ. ಶೀಟಿನ ಮಾಡಿನ ಕೆಳಗೆ ಕೂತಿದ್ದರೆ ಮಳೆಯೂ ಬ್ಯಾಂಡಿನ ಸದಸ್ಯ. ಮೈಕಿನಲ್ಲಿ ತೆಗೆದ ಪ್ರತಿ ಲೂಪಿನೊಳಗೂ ಅದು ಕೂತಿರುತ್ತದೆ. ಒಂದೇ ಮಟ್ಟದ ಮಳೆ ಇರುವ ಎರಡು ಪದರ ಸೇರಿದರೆ ಸದ್ದು 3 ಡೆಸಿಬೆಲ್ ಏರುತ್ತದೆ, ನಾಲ್ಕು ಪದರಕ್ಕೆ 6. ಹೊರಗೆ ಮಳೆ ನಿಂತರೂ ಸ್ಪೀಕರಿನಲ್ಲಿ ಸುರಿಯುತ್ತಿರುತ್ತದೆ! ಹಾಗಾಗಿ ತಾಳ, ಕಾರ್ಡ್ಸ್, ಬೇಸ್ ಎಲ್ಲವನ್ನೂ ಗಿಟಾರಿನ ಕಂಪನವನ್ನಷ್ಟೇ ಹಿಡಿಯುವ ಪಿಕಪ್ಪಿನಿಂದಲೇ ತೆಗೆಯುತ್ತೇನೆ. ಮೈಕಿನಿಂದ ಒಂದೇ ಪದರ, ಅದೂ ತುಟಿಗೆ ಹತ್ತಿರ ಹಿಡಿದು. ಮೈಕ್ ಡೈನಾಮಿಕ್ ಆಗಿರಲಿ. ಕಂಡೆನ್ಸರ್ ಮೈಕ್ ಸ್ಟುಡಿಯೋಗೆ ಚಂದ, ಇಲ್ಲಿ ಅದು ಕಪ್ಪೆಯ ದನಿಯನ್ನೂ ಬಿಡುವುದಿಲ್ಲ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಇಲ್ಲದಿದ್ದರೆ ಹಳೇ ಲೂಪಿನ ಸದ್ದು ಹೊಸ ಲೂಪಿನೊಳಗೆ ನುಗ್ಗಿ ಮೂರನೇ ಪದರದ ಹೊತ್ತಿಗೆ ಎಲ್ಲಾ ಕಲಸುಮೇಲೋಗರ.

ಕಿವಿಗೆ ವೈರ್ ಇರುವ ಇಯರ್‌ಫೋನೇ ಆಗಬೇಕು. ಇದರಲ್ಲಿ ರಾಜಿ ಇಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ಲಿನ ಬಫರ್ (ಸದ್ದನ್ನು ಒಟ್ಟುಮಾಡಿ ಒಮ್ಮೆಗೆ ಕಳಿಸುವ ತುಂಡು) ಇಟ್ಟರೆ ಒಂದು ಬಫರಿನ ತಡ 2.7 ಮಿಲಿಸೆಕೆಂಡ್. ಹೋಗಿ ಬರುವುದೆಲ್ಲಾ ಸೇರಿದರೂ ಕೈಗೆ ಗೊತ್ತಾಗುವುದಿಲ್ಲ. ಬ್ಲೂಟೂತ್ ಹೆಡ್‌ಫೋನಿನಲ್ಲಿ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತದೆ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಕಾಲು ಬೀಟ್ ಅಂದರೆ 125 ಮಿಲಿಸೆಕೆಂಡ್. ಅಂದರೆ ಹೆಚ್ಚುಕಡಿಮೆ ಕಾಲು ಬೀಟ್ ಹಿಂದೆ ಕೇಳಿಕೊಂಡು ನುಡಿಸಿದ ಹಾಗೆ. ಆಪ್ ನಡೆಸುವ ಕಾಲಿನ ಪೆಡಲ್ ಮಾತ್ರ ಬ್ಲೂಟೂತ್ ಇದ್ದರೂ ನಡೆಯುತ್ತದೆ. ಅದು ಸದ್ದು ಕಳಿಸುವುದಿಲ್ಲ, ಬರೀ ಆಜ್ಞೆ ಕಳಿಸುತ್ತದೆ. ಕ್ವಾಂಟೈಸ್, ಅಂದರೆ ಆಜ್ಞೆಯನ್ನು ತಾಳಕ್ಕೆ ಕೂರಿಸುವ ಸೌಲಭ್ಯ, ಆನ್ ಇದ್ದರೆ ಆಪ್ ಹೇಗೂ ಮುಂದಿನ ಆವರ್ತದ ತನಕ ಕಾಯುತ್ತದೆ. ಪೆಡಲ್ ಇಲ್ಲದೆ ಪರದೆ ಮುಟ್ಟಿಯೇ ನಡೆಸುತ್ತೇನೆ ಅನ್ನುವವರು ಮಂಜು ಇಳಿದ ವರಾಂಡದಲ್ಲಿ ಒದ್ದೆ ಬೆರಳಲ್ಲಿ ಒಮ್ಮೆ ಪ್ರಯತ್ನಿಸಿ ನೋಡಲಿ.

ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಬ್ಲೂಟೂತ್ ಮಾತ್ರ ಆನ್ ಮಾಡಿ. ಆಟೋ ಲಾಕ್ ತೆಗೆಯಿರಿ.

ಆಪ್ ನನ್ನದು ಲೂಪಿ ಪ್ರೊ. 2021ರಲ್ಲಿ ಬಂತು, ಅದಕ್ಕೆ ಮುಂಚೆ ಅದೇ ಮನೆಯ ಲೂಪಿ ಎಚ್‌ಡಿ ಇತ್ತು. ಯಾವ ಆಪ್ ಆದರೂ ಆವರ್ತಕ್ಕೆ ಎಷ್ಟು ಎಣಿಕೆ ಅನ್ನುವುದನ್ನು ಮೊದಲೇ ಹಾಕಿಕೊಳ್ಳಿ. ಸುಮ್ನೆ ಬಿಟ್ಟರೆ ಅದು ನಾಲ್ಕರಲ್ಲಿ ಕೂರುತ್ತದೆ, ಮಿಶ್ರ ಛಾಪಿನ ಏಳು ಅದರಲ್ಲಿ ಹಿಡಿಯುವುದಿಲ್ಲ. ವಾಲಗದ ನಡೆಗೆ ಆರು ಹಾಕಬಹುದು. ಹಾಕಬಹುದು ಅಂದೆ ಅಷ್ಟೇ, ನಾನು ಹಾಕುವುದಿಲ್ಲ. ಕುಣಿಯುವವರ ಹುರುಪು ನೋಡಿ ವಾಲಗದವರು ವೇಗ ಏರಿಸುತ್ತಾರೆ. ಲೂಪಿಗೆ ಕಣ್ಣಿಲ್ಲ, ಶುರುವಿನ ವೇಗದಲ್ಲೇ ಸುತ್ತುತ್ತದೆ. ಮದುವೆಮನೆಯಲ್ಲಿ ಅವರು ಬಂದು ನಿಂತರೆ ನಾನು ವೈರ್ ಸುತ್ತಿಟ್ಟು ಊಟಕ್ಕೆ ಹೋಗುತ್ತೇನೆ.